ಡಿಮೆನ್ಷಿಯಾ: ವೈದ್ಯರ ಚೀಟಿ ಕೈಗೆ ಬಂದ ಮೇಲೆ

'ಡಿಮೆನ್ಷಿಯಾ ಇದೆ. ಈ ಮಾತ್ರೆ ಕೊಡಿ, ಮೂರು ತಿಂಗಳು ಬಿಟ್ಟು ಕರೆದುಕೊಂಡು ಬನ್ನಿ.' ನಮ್ಮಲ್ಲಿ ಹೆಚ್ಚಿನ ಕುಟುಂಬಗಳಿಗೆ ಆಸ್ಪತ್ರೆಯಲ್ಲಿ ಸಿಗುವ ತಿಳಿವಳಿಕೆ ಇಷ್ಟೇ. ಹೊರಗೆ ಬೆಂಚಿನ ಮೇಲೆ ಇನ್ನೂ ಎಷ್ಟೋ ರೋಗಿಗಳು ಕಾದಿರುತ್ತಾರೆ. ವೈದ್ಯರನ್ನು ದೂರಿ ಪ್ರಯೋಜನವಿಲ್ಲ. ಆದರೆ ಆ ಮೂರು ತಿಂಗಳು ಕಳೆಯಬೇಕಾದದ್ದು ಮನೆಯಲ್ಲಿ. ಅಪ್ಪ ನಡುರಾತ್ರಿ ಎದ್ದು ಚಿಲಕ ತೆಗೆಯುತ್ತಾರೆ. ಅಮ್ಮ ತನ್ನ ಬಳೆಯನ್ನು ಸೊಸೆಯೇ ಕದ್ದಳೆಂದು ಬೀದಿಯವರಿಗೆಲ್ಲ ಹೇಳುತ್ತಾರೆ. ಸಹಿ ಹೊಂದುತ್ತಿಲ್ಲ ಎಂದು ಬ್ಯಾಂಕಿನವರು ಚೆಕ್ಕು ವಾಪಸು ಕಳಿಸುತ್ತಾರೆ. ಇದಕ್ಕೆಲ್ಲ ಯಾರನ್ನು ಕೇಳಬೇಕು, ಎಲ್ಲಿಗೆ ಹೋಗಬೇಕು ಎನ್ನುವುದು ಆ ಚೀಟಿಯಲ್ಲಿ ಇರುವುದಿಲ್ಲ.

ಕರ್ನಾಟಕದಲ್ಲಿ ನೆರವು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಸಹಾಯವಾಣಿಗಳಿವೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳಿನ ಆರೋಗ್ಯದ ಕ್ಲಿನಿಕ್‌ಗಳಿವೆ, ಬೆಂಗಳೂರಿನಲ್ಲಿ ಹಗಲು ಆರೈಕೆ ಕೇಂದ್ರಗಳಿವೆ, ಕುಟುಂಬದವರು ಸೇರಿ ಮಾತಾಡುವ ಸಭೆಗಳಿವೆ, ಕಾನೂನಿನಲ್ಲಿ ಒಂದಿಷ್ಟು ಏರ್ಪಾಡಿದೆ. ತೊಂದರೆಯೆಂದರೆ ಇವು ಒಂದೇ ಕಡೆ ಸಿಗುವುದಿಲ್ಲ, ಒಂದರ ವಿಷಯ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಜೊತೆಗೆ, ಇವುಗಳಲ್ಲಿ ಹೆಚ್ಚಿನವು ಕಾಯಿಲೆಯ ಮೊದಲ ವರ್ಷದಲ್ಲಿ ಕೇಳಿದವರಿಗೆ ಆದಷ್ಟು ಉಪಯೋಗ ತಡವಾಗಿ ಕೇಳಿದವರಿಗೆ ಆಗುವುದಿಲ್ಲ. ನೋಡಿಕೊಳ್ಳುವವರು ಪೂರ್ತಿ ಸೋತು ಕುಸಿದ ಮೇಲೆ ನೆರವು ಹುಡುಕುವುದು ನಮ್ಮಲ್ಲಿ ರೂಢಿ. ಆ ರೂಢಿಯನ್ನು ಬಿಡಬೇಕು.

ಇದು ಎಲ್ಲೋ ಒಬ್ಬಿಬ್ಬರ ಮನೆಯ ಕತೆಯಲ್ಲ. ದೇಶದಾದ್ಯಂತ ಹಿರಿಯರನ್ನು ಪರೀಕ್ಷಿಸಿ ಮಾಡಿದ, 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಒಬ್ಬೊಬ್ಬರ ಹಿಂದೆ ಕನಿಷ್ಠ ಒಬ್ಬರಾದರೂ ತಮ್ಮ ನಿದ್ದೆ, ಕೆಲಸ, ಓಡಾಟ ಬಿಟ್ಟು ನಿಂತಿರುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅವರು ಹೆಂಡತಿ, ಸೊಸೆ ಅಥವಾ ಮಗಳು.

ನಿಜಕ್ಕೂ ಡಿಮೆನ್ಷಿಯಾವೇ?

'ವಯಸ್ಸಾಯ್ತಲ್ಲ, ಅರಳುಮರಳು' ಎಂದು ಎರಡು ಮೂರು ವರ್ಷ ಕಳೆದುಬಿಡುವುದು ಮೊದಲ ನಷ್ಟ. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ವಯಸ್ಸಿನದ್ದು. ಮೂವತ್ತು ವರ್ಷ ಮಾಡಿದ ಸಾರಿಗೆ ಯಾವುದರ ನಂತರ ಯಾವುದು ಹಾಕಬೇಕೆಂದು ತಿಳಿಯದೆ ಒಲೆಯ ಮುಂದೆ ನಿಲ್ಲುವುದು, ದಿನಾ ಹೋಗುವ ಹಾಲಿನ ಅಂಗಡಿಯಿಂದ ಮನೆಗೆ ದಾರಿ ತಪ್ಪುವುದು ಪರೀಕ್ಷೆ ಮಾಡಿಸಬೇಕಾದ ಲಕ್ಷಣ. ಮರೆವೇ ಮೊದಲು ಬರಬೇಕೆಂದೂ ಇಲ್ಲ. ಮೆದುಳಿನ ಮುಂಭಾಗದಲ್ಲಿ ಶುರುವಾಗುವ ಬಗೆಯಲ್ಲಿ ನೆನಪು ಚೆನ್ನಾಗಿಯೇ ಇದ್ದು ನಡವಳಿಕೆ ಮೊದಲು ಕೆಡುತ್ತದೆ. ಐವತ್ತೈದರ ಗಂಡ ಇದ್ದಕ್ಕಿದ್ದಂತೆ ಒರಟಾಗುತ್ತಾರೆ, ದುಡ್ಡು ಚೆಲ್ಲುತ್ತಾರೆ, ನಾಚಿಕೆ ಸಂಕೋಚ ಬಿಡುತ್ತಾರೆ. ಅದನ್ನು ಸಂಸಾರದ ಜಗಳವೆಂದು ತಿಳಿದು ವರ್ಷಗಟ್ಟಲೆ ನೋಯುವ ಕುಟುಂಬಗಳಿವೆ.

ಪರೀಕ್ಷೆ ಮುಖ್ಯವಾಗುವುದು ಇನ್ನೊಂದು ಕಾರಣಕ್ಕೆ. ಮರೆವಿನಂತೆ ಕಾಣುವ ಎಲ್ಲವೂ ವಾಸಿಯಾಗದ ಕಾಯಿಲೆಯಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದಾಗ ತಲೆಬುರುಡೆಯೊಳಗೆ ಕಟ್ಟಿದ ರಕ್ತ, ಹೆಚ್ಚಾದ ನಿದ್ರೆ ಮಾತ್ರೆ, ಕೇಳಿಸದ ಕಿವಿ ಎಲ್ಲವೂ ಮಂಕುತನವನ್ನು ತರಬಲ್ಲವು. ಇವಕ್ಕೆ ಚಿಕಿತ್ಸೆ ಇದೆ. ಅದಕ್ಕಾಗಿಯೇ ರಕ್ತಪರೀಕ್ಷೆ, ತಲೆಯ ಸ್ಕ್ಯಾನ್ ಮತ್ತು ನೆನಪಿನ ಪರೀಕ್ಷೆ ಮೂರನ್ನೂ ಮಾಡುತ್ತಾರೆ.

ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗವೂ ಹಿರಿಯರ ಮನೋವೈದ್ಯಕೀಯ ವಿಭಾಗವೂ ಡಿಮೆನ್ಷಿಯಾ ನೋಡುತ್ತವೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿತು. ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು ಮತ್ತು ಡಿಮೆನ್ಷಿಯಾಗಳನ್ನು ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲೇ ಗುರುತಿಸಬೇಕೆಂಬುದು ಅದರ ಉದ್ದೇಶ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡೂ ಇದೆ. ಹೋಗುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಈ ವಾರ ವೈದ್ಯರು ಇದ್ದಾರೆಯೇ ಎಂದು ಕೇಳಿಕೊಳ್ಳಿ. 'ಮನೋವೈದ್ಯರ ಹತ್ತಿರ ಯಾಕೆ, ಅಪ್ಪನಿಗೆ ಹುಚ್ಚು ಹಿಡಿದಿಲ್ಲ' ಎನ್ನುವ ನೆಂಟರ ಮಾತಿಗೆ ಕಿವಿಗೊಡಬೇಡಿ. ಡಿಮೆನ್ಷಿಯಾ ಮೆದುಳಿನ ಕಾಯಿಲೆ. ನರರೋಗ ತಜ್ಞರೂ ಮನೋವೈದ್ಯರೂ ಇಬ್ಬರೂ ಅದನ್ನು ನೋಡಲು ಕಲಿತವರೇ.

ಜೊತೆಗೆ ಹೋಗುವವರು ಆ ಹಿರಿಯರೊಡನೆ ಒಂದೇ ಮನೆಯಲ್ಲಿ ಇರುವವರಾಗಿರಬೇಕು. ಊರಿಂದ ಬಂದ ಮಗನಿಗಿಂತ ದಿನಾ ಊಟ ಬಡಿಸುವ ಸೊಸೆಗೆ ಹೆಚ್ಚು ಗೊತ್ತಿರುತ್ತದೆ. ಯಾವ ಬದಲಾವಣೆ ಯಾವಾಗಿನಿಂದ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ, ಆಯುರ್ವೇದದ್ದೂ ಸೇರಿ, ಒಂದು ಚೀಲಕ್ಕೆ ಹಾಕಿಕೊಳ್ಳಿ. ಕನ್ನಡಕ, ಕಿವಿಯ ಯಂತ್ರ ಮರೆಯಬೇಡಿ. ಓದುಬರಹ ಬಾರದ ಅಜ್ಜಿಗೆ ಇಂಗ್ಲಿಷ್ ಪ್ರಶ್ನೆಪತ್ರಿಕೆಯನ್ನು ಅನುವಾದ ಮಾಡಿ ಕೇಳಿದರೆ ಕಾಯಿಲೆ ಇಲ್ಲದಿದ್ದರೂ ಕಡಿಮೆ ಅಂಕ ಬಂದೀತು. ಇದಕ್ಕಾಗಿಯೇ ಐಸಿಎಂಆರ್ ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ನೆನಪು ಮತ್ತು ಗ್ರಹಿಕೆಯ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಪರೀಕ್ಷೆಯನ್ನು ಕನ್ನಡದಲ್ಲೇ ಮಾಡಿ ಎಂದು ಕೇಳಲು ಹಿಂಜರಿಯಬೇಡಿ.

ಮಾತ್ರೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಂಟಿನ್ ಇವು ಕೆಲವರಿಗೆ ಕೆಲವು ಕಾಲ ಅಲ್ಪಸ್ವಲ್ಪ ಉಪಕಾರ ಮಾಡುತ್ತವೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಗಲಾಟೆ ಮಾಡುತ್ತಾರೆಂದು ಕೊಡುವ ಶಾಂತಗೊಳಿಸುವ ಮಾತ್ರೆಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಅವು ಪಾರ್ಶ್ವವಾಯುವಿನ ಮತ್ತು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ. ಎಷ್ಟು ದಿನ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂದು ವೈದ್ಯರನ್ನು ಕೇಳಿ ಬರೆಸಿಕೊಳ್ಳಿ.

ಇನ್ನೊಂದು ಮಾತು ನೆನಪಿಡಿ. ಡಿಮೆನ್ಷಿಯಾ ನಿಧಾನವಾಗಿ ಬೆಳೆಯುತ್ತದೆ. ನಿನ್ನೆಯವರೆಗೆ ಮಾತಾಡುತ್ತಿದ್ದವರು ಇಂದು ಪೂರ್ತಿ ಗೊಂದಲಕ್ಕೊಳಗಾದರೆ, ಇಲ್ಲದ್ದನ್ನು ಕಂಡೆ ಎಂದರೆ, ಎಬ್ಬಿಸಿದರೂ ಏಳದಷ್ಟು ಮಂಪರಿನಲ್ಲಿದ್ದರೆ 'ಕಾಯಿಲೆ ಜಾಸ್ತಿಯಾಯ್ತು' ಎಂದು ಕೂರಬಾರದು. ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆ, ಹೇಳಿಕೊಳ್ಳಲಾಗದ ನೋವು, ಹೊಸ ಮಾತ್ರೆ ಯಾವುದೋ ಒಂದು ಕಾರಣ ಇದ್ದೇ ಇರುತ್ತದೆ. ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಾಗದಪತ್ರಕ್ಕೆ ಕಾಲ ಕಾಯುವುದಿಲ್ಲ

ಕುಟುಂಬಗಳು ಅತಿ ಹೆಚ್ಚು ತಡಮಾಡುವುದು ಇಲ್ಲಿ. ಅಪ್ಪನ ಮುಂದೆ ಆಸ್ತಿಯ ಮಾತೆತ್ತುವುದು ಅಪಶಕುನ, ದುರಾಸೆ ಎಂಬ ಸಂಕೋಚ ಅದಕ್ಕೆ ಕಾರಣ. ಆ ಸಂಕೋಚದ ಬೆಲೆ ದೊಡ್ಡದು.

ನಮ್ಮಲ್ಲಿ ಹೆಚ್ಚಿನವರು ನಂಬಿಕೊಂಡಿರುವುದು ಪವರ್ ಆಫ್ ಅಟಾರ್ನಿಯನ್ನು. 'ಅಮ್ಮ ಜಿಪಿಎ ಮಾಡಿಕೊಟ್ಟಿದ್ದಾರೆ, ಚಿಂತೆಯಿಲ್ಲ' ಎನ್ನುತ್ತಾರೆ. ಭಾರತೀಯ ಕರಾರು ಕಾಯ್ದೆಯ 201ನೇ ಕಲಮು ಹೇಳುವುದೇ ಬೇರೆ: ಅಧಿಕಾರ ಕೊಟ್ಟವರು ಸ್ವಸ್ಥಚಿತ್ತ ಕಳೆದುಕೊಂಡರೆ ಆ ಅಧಿಕಾರವೂ ಕೊನೆಗೊಳ್ಳುತ್ತದೆ. ಅಂದರೆ ಆ ಕಾಗದ ಯಾವಾಗ ಅತ್ಯಗತ್ಯವೋ ಆಗಲೇ ಅದಕ್ಕೆ ಬಲವಿಲ್ಲ. ಬುದ್ಧಿಶಕ್ತಿ ಹೋದ ಮೇಲೂ ಮುಂದುವರಿಯುವ ಅಧಿಕಾರಪತ್ರ ಬ್ರಿಟನ್ ಮುಂತಾದ ದೇಶಗಳಲ್ಲಿದೆ, ನಮ್ಮಲ್ಲಿಲ್ಲ.

ಹಾಗಾದರೆ ಪೋಷಕರನ್ನು ನೇಮಿಸುವ ದಾರಿ? 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಜಿಲ್ಲಾ ನ್ಯಾಯಾಲಯ ಆಸ್ತಿ ನೋಡಿಕೊಳ್ಳಲು ವ್ಯಕ್ತಿಯನ್ನು ನೇಮಿಸುವ ಅವಕಾಶವಿತ್ತು. ಅದರ ಬದಲಿಗೆ ಬಂದ 2017ರ ಕಾಯ್ದೆ ಚಿಕಿತ್ಸೆಯ ಹಕ್ಕುಗಳನ್ನು ಚೆನ್ನಾಗಿ ಬರೆಯಿತು, ಆಸ್ತಿಯ ಆ ಏರ್ಪಾಡನ್ನು ಕೈಬಿಟ್ಟಿತು. ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪೋಷಕತ್ವ ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ಕೆಲವು ಅಂಗವೈಕಲ್ಯಗಳಿಗೆ ಮಾತ್ರ. ಹೀಗಾಗಿ ಕಾಯಿಲೆ ಮುಂದುವರಿದ ಮೇಲೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಅರ್ಜಿ ಹಾಕುವ ಪರಿಸ್ಥಿತಿ ಬರುತ್ತದೆ. ಆಸ್ಪತ್ರೆಯ ಬಿಲ್ಲು ಕಟ್ಟಲು ಅಪ್ಪನದೇ ಠೇವಣಿ ಮುರಿಯಬೇಕೆಂದರೂ ವಕೀಲರನ್ನು ಹಿಡಿಯಬೇಕಾಗುವುದು ಎಷ್ಟು ಕಷ್ಟವೆಂದು ಆ ದಾರಿಯಲ್ಲಿ ನಡೆದವರಿಗೇ ಗೊತ್ತು. ಈ ಕಾನೂನಿನ ಕೊರತೆಯನ್ನು ತುಂಬದೆ ಉಳಿದ ಯೋಜನೆಗಳನ್ನು ಘೋಷಿಸುವುದು ಅರ್ಧ ಕೆಲಸ ಎಂದೇ ನನ್ನ ಅಭಿಪ್ರಾಯ.

ಆದ್ದರಿಂದ ರೋಗ ಪತ್ತೆಯಾದ ಮೊದಲ ತಿಂಗಳುಗಳಲ್ಲೇ, ಹಿರಿಯರಿಗೆ ಇನ್ನೂ ಅರ್ಥವಾಗುತ್ತಿರುವಾಗಲೇ, ಅವರನ್ನು ಕೂರಿಸಿಕೊಂಡು ಮಾಡಬೇಕಾದ ಕೆಲಸಗಳಿವೆ. ಪಿಂಚಣಿ ಬರುವ ಖಾತೆಯನ್ನು ಗಂಡ ಹೆಂಡತಿಯ ಜಂಟಿ ಖಾತೆಯಾಗಿ, ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಮಾಡಿಸಿ. ಠೇವಣಿ, ವಿಮೆ, ಷೇರುಗಳಿಗೆ ನಾಮಿನಿ ಇದ್ದಾರೆಯೇ ನೋಡಿ. ಸಹಿ ಮಾಡಲು ಕೈ ನಡುಗುವವರಿಗೆ ಬ್ಯಾಂಕ್ ಅಧಿಕಾರಿಯ ಸಮ್ಮುಖದಲ್ಲಿ ಹೆಬ್ಬೆಟ್ಟಿನ ಗುರುತು ಹಾಕಿ ಹಣ ತೆಗೆಯುವ ಸೌಲಭ್ಯವಿದೆ, ಆದರೆ ಅದು ಏನು ಮಾಡುತ್ತಿದ್ದೇವೆಂದು ತಿಳಿಯುವವರಿಗೆ. 70 ದಾಟಿದವರಿಗೆ ಮನೆ ಬಾಗಿಲಿಗೇ ಬ್ಯಾಂಕ್ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಸೂಚಿಸಿದೆ. ನವೆಂಬರ್ ತಿಂಗಳ ಜೀವನ ಪ್ರಮಾಣಪತ್ರವನ್ನು ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು. ಉಯಿಲು ಬರೆಸುವುದಾದರೆ ಆ ದಿನ ಅವರು ಸ್ವಸ್ಥಚಿತ್ತರಾಗಿದ್ದರು ಎಂದು ವೈದ್ಯರಿಂದ ಒಂದು ಪತ್ರ ಬರೆಸಿ ಜೊತೆಗಿಡಿ. ಮುಂದೆ ಅಣ್ಣತಮ್ಮಂದಿರ ನಡುವೆ ವ್ಯಾಜ್ಯ ಬಂದರೆ ಆ ಪತ್ರವೇ ಆಧಾರ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಒಂದು ಒಳ್ಳೆಯ ಅವಕಾಶವಿದೆ. ಮುಂದೆ ತನಗೆ ಯಾವ ಬಗೆಯ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ವ್ಯಕ್ತಿ ಮೊದಲೇ ಬರೆದಿಡಬಹುದು. ತನ್ನ ಪರವಾಗಿ ತೀರ್ಮಾನಕ್ಕೆ ನೆರವಾಗುವವರನ್ನು ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ ನೇಮಿಸಬಹುದು. ಇದು ಚಿಕಿತ್ಸೆಗೆ ಮಾತ್ರ, ಆಸ್ತಿಗಲ್ಲ.

ಮಕ್ಕಳ ಹೆಸರಿಗೆ ದಾನಪತ್ರ ಮಾಡುವ ಹಿರಿಯರಿಗೂ ಒಂದು ಮಾತು. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ 23ನೇ ಕಲಮಿನಡಿ, ನೋಡಿಕೊಳ್ಳದ ಮಕ್ಕಳಿಗೆ ಕೊಟ್ಟ ಆಸ್ತಿಯನ್ನು ವಾಪಸು ಪಡೆಯಬಹುದು. 'ನನ್ನನ್ನು ನೋಡಿಕೊಳ್ಳಬೇಕು' ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿದ್ದರೆ ಆ ದಾರಿ ಸುಲಭ, ಇಲ್ಲದಿದ್ದರೆ ಕಷ್ಟ. ಜೀವನಾಂಶದ ಅರ್ಜಿಗಳನ್ನೂ ಈ ಅರ್ಜಿಗಳನ್ನೂ ನಮ್ಮಲ್ಲಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ನೋಡುತ್ತದೆ.

ತೆರಿಗೆ ಕಟ್ಟುವ ಮಕ್ಕಳಿಗೆ 80ಡಿಡಿಬಿ ಎಂದು ತೆರಿಗೆ ಸಲಹೆಗಾರರಿಗೆಲ್ಲ ಪರಿಚಿತವಾದ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿದೆ. ನರರೋಗಗಳ ಆ ಪಟ್ಟಿಯಲ್ಲಿ ಡಿಮೆನ್ಷಿಯಾದ ಹೆಸರೇ ಇದೆ. ಅಸಾಮರ್ಥ್ಯ ಶೇ 40 ಅಥವಾ ಹೆಚ್ಚೆಂದು ನರರೋಗ ತಜ್ಞರು ಬರೆದುಕೊಟ್ಟರೆ, ಹಿರಿಯ ನಾಗರಿಕರ ಚಿಕಿತ್ಸೆಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಖರ್ಚನ್ನು ಆದಾಯದಿಂದ ಕಳೆಯಬಹುದು. ಅಂಗವಿಕಲರ 2016ರ ಕಾಯ್ದೆಯಲ್ಲಿ ಡಿಮೆನ್ಷಿಯಾ ಪ್ರತ್ಯೇಕವಾಗಿ ಇಲ್ಲ, ಆದರೆ ಅಲ್ಲಿನ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ನೆನಪಿನ ಮತ್ತು ಸ್ಥಳಕಾಲದ ಅರಿವಿನ ತೀವ್ರ ದೋಷ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವಾಗ ವೈದ್ಯಕೀಯ ಮಂಡಳಿಯ ಮುಂದೆ ಇದನ್ನೇ ಎತ್ತಿ ಹೇಳಬೇಕು.

ಫೋನ್ ಮಾಡಬಹುದಾದ ಜಾಗಗಳು

ಬೆಂಗಳೂರು ಮೂಲದ ಡಿಮೆನ್ಷಿಯಾ ಇಂಡಿಯಾ ಅಲಯನ್ಸ್ ನಡೆಸುವ ರಾಷ್ಟ್ರೀಯ ಡಿಮೆನ್ಷಿಯಾ ಸಹಾಯವಾಣಿಯ ಸಂಖ್ಯೆ 8585 990 990. ಈ ಕಾಯಿಲೆಯನ್ನೇ ಬಲ್ಲವರು ಅಲ್ಲಿ ಮಾತಾಡುತ್ತಾರೆ ಎನ್ನುವುದು ಅದರ ಹೆಚ್ಚುಗಾರಿಕೆ. ಕೇಂದ್ರ ಸರ್ಕಾರದ ಹಿರಿಯರ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ; ಪಿಂಚಣಿ, ದೌರ್ಜನ್ಯ, ಬೀದಿಪಾಲಾದ ಹಿರಿಯರ ರಕ್ಷಣೆ ಇಂಥವಕ್ಕೆ ಅದು ಸರಿ. ಬೆಂಗಳೂರಿನೊಳಗೆ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಶುರುಮಾಡಿದ 1090 ಇದೆ. ನೋಡಿಕೊಳ್ಳುವವರಿಗೇ ಮನಸ್ಸು ಕುಸಿದಾಗ, ರಾತ್ರಿ ಎರಡು ಗಂಟೆಗೂ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಯಲ್ಲಿ ಕನ್ನಡದಲ್ಲಿ ಮಾತಾಡುವವರಿದ್ದಾರೆ, ಹಣ ಕೊಡಬೇಕಿಲ್ಲ.

ಡಿಮೆನ್ಷಿಯಾ ಇರುವವರ ಕುಟುಂಬಗಳಿಗೆ ನೆರವಾಗಲು 1992ರಲ್ಲಿ ಕೇರಳದಲ್ಲಿ ಹುಟ್ಟಿದ ಎಆರ್‌ಡಿಎಸ್‌ಐ ಸಂಸ್ಥೆಗೆ ಬೆಂಗಳೂರಿನಲ್ಲೂ ಶಾಖೆ ಇದೆ. ಇಂಥ ಸಂಸ್ಥೆಗಳು ನಡೆಸುವ ಕುಟುಂಬದವರ ಸಭೆಗಳನ್ನು 'ಅಲ್ಲಿ ಹೋಗಿ ಅತ್ತು ಬರುವುದೇನು' ಎಂದು ಬಿಡಬೇಡಿ. ವೈದ್ಯರಿಗೆ ಹೊಳೆಯದ ಉಪಾಯಗಳು ಅಲ್ಲಿ ಸಿಗುತ್ತವೆ. ಸಂಜೆಯಾದೊಡನೆ 'ನಾನು ಮನೆಗೆ ಹೋಗಬೇಕು' ಎಂದು ತಮ್ಮದೇ ಮನೆಯಲ್ಲಿ ಹಟ ಹಿಡಿಯುವ ಅಮ್ಮನಿಗೆ 'ಇದೇ ನಿನ್ನ ಮನೆ' ಎಂದು ವಾದಿಸಿ ಗೆದ್ದವರಿಲ್ಲ. 'ಆಯ್ತಮ್ಮ, ಕಾಫಿ ಕುಡಿದು ಹೊರಡೋಣ' ಎಂದು ಅಂಗಳದಲ್ಲಿ ಎರಡು ಸುತ್ತು ನಡೆಸಿಕೊಂಡು ಬಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ ಎಂದು ಇನ್ನೊಬ್ಬ ಮಗಳು ಹೇಳಿಕೊಡುತ್ತಾಳೆ. ಕಳ್ಳಿಯೆಂದು ಬೈಸಿಕೊಳ್ಳುವುದು ತಾನೊಬ್ಬಳೇ ಅಲ್ಲ, ಹೆಚ್ಚು ಹೊತ್ತು ಜೊತೆಗಿರುವವರ ಮೇಲೆಯೇ ಆ ಅನುಮಾನ ಬರುತ್ತದೆ ಎಂದು ತಿಳಿದ ದಿನ ಸೊಸೆಯ ಎದೆಯ ಭಾರ ಅರ್ಧ ಇಳಿಯುತ್ತದೆ.

ಇಂಥ ನೆರವು ನಿಜಕ್ಕೂ ಕೆಲಸ ಮಾಡುತ್ತದೆಯೇ ಎನ್ನುವವರಿಗೆ ಗೋವಾದ ಒಂದು ಪ್ರಯೋಗ ಉತ್ತರ ಕೊಡುತ್ತದೆ. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮನೆಗೆ ಹೋದವರು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ಕಾಯಿಲೆಯೇನೆಂದು ತಿಳಿಸಿದರು, ನಡವಳಿಕೆಯನ್ನು ಹೇಗೆ ನಿಭಾಯಿಸಬೇಕೆಂದು ಹೇಳಿಕೊಟ್ಟರು, ಸರ್ಕಾರದ ಸೌಲಭ್ಯಕ್ಕೆ ದಾರಿ ತೋರಿಸಿದರು, ಬೇಕಾದಾಗ ಮನೋವೈದ್ಯರೊಡನೆ ಸಂಪರ್ಕ ಮಾಡಿಸಿದರು. ಆರು ತಿಂಗಳಲ್ಲಿ ನೋಡಿಕೊಳ್ಳುವವರ ಮಾನಸಿಕ ಆರೋಗ್ಯ ಸ್ಪಷ್ಟವಾಗಿ ಸುಧಾರಿಸಿತು. ಆಶಾ ಕಾರ್ಯಕರ್ತೆಯರ ಜಾಲ ಹಳ್ಳಿ ಹಳ್ಳಿಯಲ್ಲಿರುವ ನಮ್ಮ ರಾಜ್ಯದಲ್ಲಿ ಇದನ್ನು ಮಾಡಲಾಗದು ಎನ್ನಲು ನನಗೆ ಕಾರಣ ಕಾಣುತ್ತಿಲ್ಲ. ಆ ಕೆಲಸಕ್ಕೆ ಅವರಿಗೆ ತಕ್ಕ ಸಂಬಳ ಕೊಡಬೇಕು, ಅಷ್ಟೇ.

ಹಗಲು ಆರೈಕೆ ಕೇಂದ್ರ

ಎಲ್ಲ ಸೇವೆಗಳಲ್ಲಿ ಅತ್ಯಂತ ಉಪಯುಕ್ತವಾದದ್ದು, ಅತ್ಯಂತ ಕಡಿಮೆ ಸಿಗುವುದು ಎರಡೂ ಇದೇ. ಬೆಳಿಗ್ಗೆ ಹಿರಿಯರನ್ನು ಕೇಂದ್ರಕ್ಕೆ ಬಿಟ್ಟರೆ ಸಂಜೆ ಮನೆಗೆ ಕರೆತರುವುದು. ಹೊರಗಿನಿಂದ ನೋಡಿದವರಿಗೆ ಅದು ಹಿರಿಯರ ಅಂಗನವಾಡಿಯಂತೆ ಕಂಡೀತು, ಆದರೆ ಒಳಗಿನ ದಿನಚರಿಯ ಹಿಂದೆ ಲೆಕ್ಕಾಚಾರವಿದೆ. ಬಂದೊಡನೆ ಹಲಗೆಯ ಮೇಲಿನ ವಾರ, ತಿಥಿ, ಹಬ್ಬ ಓದಿಸುತ್ತಾರೆ. ಕುಳಿತಲ್ಲೇ ವ್ಯಾಯಾಮ. ಹಳೆಯ ಚಿತ್ರಗೀತೆ, ದೇವರನಾಮ. ಮಾತು ಮರೆತವರೂ ಹಾಡಿನ ಸಾಲು ಮುಗಿಸುವುದು ಅಪರೂಪವಲ್ಲ, ಏಕೆಂದರೆ ಸಂಗೀತದ ನೆನಪು ಉಳಿದ ನೆನಪುಗಳಿಗಿಂತ ತಡವಾಗಿ ಮಾಸುತ್ತದೆ. ಹುರುಳಿಕಾಯಿ ಮುರಿಯುವುದು, ಹೂ ಕಟ್ಟುವುದು, ಬಟ್ಟೆ ಮಡಚುವುದು. ಜೀವಮಾನವಿಡೀ ಕೈ ಮಾಡಿದ ಕೆಲಸವನ್ನು ಕೈ ಮರೆಯುವುದಿಲ್ಲ, 'ನಾನು ಇನ್ನೂ ಬೇಕಾದವಳು' ಎಂಬ ಭಾವನೆ ಅದರಿಂದ ಉಳಿಯುತ್ತದೆ. ಹಗಲು ಚಟುವಟಿಕೆಯಿದ್ದರೆ ರಾತ್ರಿ ನಿದ್ದೆ ಬರುತ್ತದೆ. ಅವರು ಮಲಗಿದರೆ ಮನೆಯವರೂ ಮಲಗುತ್ತಾರೆ.

ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಿಂದ ಡಿಮೆನ್ಷಿಯಾಕ್ಕೆಂದೇ ಒಂದು ಕೇಂದ್ರ ನಡೆಸುತ್ತಿದೆ. ನಗರದಲ್ಲಿ ಖಾಸಗಿ ಕೇಂದ್ರಗಳೂ ಬಂದಿವೆ. ರಾಜಧಾನಿ ದಾಟಿದರೆ ಇವು ತೀರ ವಿರಳ. ಪಕ್ಕದ ಕೇರಳದಲ್ಲಿ ಸ್ಮೃತಿಪಥಂ ಎಂಬ ಕಾರ್ಯಕ್ರಮದಡಿ ಇಂಥ ಕೇಂದ್ರಗಳಿಗೆ ಸರ್ಕಾರವೇ ಹಣ ಕೊಟ್ಟಿತು. ಕಲಬುರಗಿಯ, ಶಿವಮೊಗ್ಗದ, ಮಂಗಳೂರಿನ ಕುಟುಂಬಗಳಿಗೂ ಆ ಅನುಕೂಲ ಬೇಡವೇ? ಜಿಲ್ಲೆಗೆ ಒಂದಾದರೂ ಸರ್ಕಾರಿ ಹಗಲು ಆರೈಕೆ ಕೇಂದ್ರ ಬೇಕು.

ಸೇರಿಸುವಾಗ ಒಂದು ವಿಷಯ: ಬೇಗ ಸೇರಿಸಿ. ಮಾತು, ನಡಿಗೆ ಇರುವಾಗಲೇ ಹೋದವರು ಹೊಸ ಜಾಗಕ್ಕೆ ಒಗ್ಗುತ್ತಾರೆ. ಮೊದಲ ವಾರ ಅಳುತ್ತಾರೆ, ಬೈಯುತ್ತಾರೆ. ವಾರಕ್ಕೆ ಎರಡು ದಿನ, ಅರ್ಧ ಹೊತ್ತು ಎಂದು ಶುರುಮಾಡಿ. ಮನೆಯವರಲ್ಲಿ ಒಬ್ಬರು ಮೊದಮೊದಲು ಜೊತೆಗೇ ಕೂರಬಹುದೇ ಎಂದು ಕೇಳಿ.

ಮನೆಗೆ ಬರುವ ಸಹಾಯಕರು, ಉಳಿಯುವ ಕೇಂದ್ರಗಳು

ಹಗಲು ಕೇಂದ್ರ ಹತ್ತಿರವಿಲ್ಲದವರ ಪಾಲಿಗೆ ಉಳಿದಿರುವುದು ಏಜೆನ್ಸಿಯಿಂದ ಬರುವ ಹೋಮ್ ನರ್ಸ್ ಅಥವಾ ಅಟೆಂಡರ್. ಇವರಲ್ಲಿ ಹೆಚ್ಚಿನವರಿಗೆ ಸ್ನಾನ, ಡೈಪರ್, ಊಟದ ಕೆಲಸ ಗೊತ್ತು, ಡಿಮೆನ್ಷಿಯಾ ಗೊತ್ತಿರುವುದಿಲ್ಲ. ಹೇಳಿಕೊಡುವ ಹೊಣೆ ಮನೆಯವರದು. ಹಿರಿಯರನ್ನು ಏನೆಂದು ಕರೆಯಬೇಕು, ಏನು ಕೆಲಸದಲ್ಲಿದ್ದರು, ಸ್ನಾನ ಯಾವ ಹೊತ್ತಿಗೆ ಒಪ್ಪುತ್ತಾರೆ, ಯಾವ ಮಾತಿಗೆ ಸಿಟ್ಟಾಗುತ್ತಾರೆ, ಏನು ತಿಂದರೆ ಗಂಟಲಿಗೆ ಸಿಕ್ಕುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಒಡವೆ, ಹಣವನ್ನು ಸಹಾಯಕರ ಕಣ್ಣಳತೆಯಲ್ಲಿ ಇಡಬೇಡಿ; ಹಿರಿಯರು ಸುಳ್ಳು ಆರೋಪ ಹೊರಿಸಿದಾಗ ಆ ಬಡ ಹುಡುಗಿಗೆ ರಕ್ಷಣೆಯೂ ಅದೇ. ವಾರಕ್ಕೊಂದು ರಜೆ, ರಾತ್ರಿ ಮಲಗಲು ಜಾಗ, ನಮ್ಮಂತೆಯೇ ಊಟ ಕೊಡಿ. ಇಪ್ಪತ್ತನಾಲ್ಕು ಗಂಟೆ ಎಚ್ಚರವಿರಬೇಕೆಂದು ಒಬ್ಬರಿಂದಲೇ ನಿರೀಕ್ಷಿಸುವುದು ಅನ್ಯಾಯ. ಅವರು ದಣಿದರೆ ಪೆಟ್ಟು ಬೀಳುವುದು ಹಿರಿಯರಿಗೇ.

ಪೂರ್ಣಾವಧಿ ಕೇಂದ್ರಕ್ಕೆ ಸೇರಿಸುವುದು ಕೈಬಿಟ್ಟಂತೆ ಎಂದು ನಮ್ಮ ಜನ ಈಗಲೂ ಭಾವಿಸುತ್ತಾರೆ. ಎಪ್ಪತ್ತೆಂಟರ ಹೆಂಡತಿ ಎಂಬತ್ತೈದರ ಗಂಡನನ್ನು ಹಾಸಿಗೆಯಿಂದ ಎತ್ತಲಾರದೆ ಇಬ್ಬರೂ ಬಿದ್ದು ಮೂಳೆ ಮುರಿದುಕೊಳ್ಳುವುದಕ್ಕಿಂತ ಒಳ್ಳೆಯ ಕೇಂದ್ರ ಮೇಲು. ಕೆಲವು ಕಡೆ ವಾರ, ಹದಿನೈದು ದಿನಗಳ ಮಟ್ಟಿಗೂ ಇರಿಸಿಕೊಳ್ಳುತ್ತಾರೆ. ಮಗಳ ಬಾಣಂತನ, ಸ್ವಂತ ಶಸ್ತ್ರಚಿಕಿತ್ಸೆ, ಅಥವಾ ಬರಿಯ ವಿಶ್ರಾಂತಿಗಾಗಿಯೂ ಅದನ್ನು ಬಳಸಿಕೊಳ್ಳಬಹುದು.

ಕೇಂದ್ರವನ್ನು ನೋಡಲು ಹೇಳದೇ ಕೇಳದೇ ಸಂಜೆಯ ಹೊತ್ತು ಹೋಗಿ. ಮೂಗಿಗೆ ಮೂತ್ರದ ವಾಸನೆ ಬಡಿಯುತ್ತದೆಯೇ? ಎಲ್ಲರೂ ಟಿವಿ ಮುಂದೆ ಸಾಲಾಗಿ ತೂಕಡಿಸುತ್ತಿದ್ದಾರೆಯೇ? ರಾತ್ರಿ ಎಷ್ಟು ಮಂದಿಗೆ ಎಷ್ಟು ಸಿಬ್ಬಂದಿ? ಗಲಾಟೆ ಮಾಡಿದರೆ ಕಟ್ಟಿಹಾಕುತ್ತೀರಾ ಎಂದು ನೇರವಾಗಿ ಕೇಳಿ. ಬಿದ್ದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ, ಮನೆಯವರು ಯಾವಾಗ ಬೇಕಾದರೂ ಬರಬಹುದೇ, ಸಂಸ್ಥೆಯ ನೋಂದಣಿ ಎಲ್ಲಿ ಎಂದು ವಿಚಾರಿಸಿ. ಭಾಷೆಯನ್ನೂ ನೋಡಿಕೊಳ್ಳಿ. ಕಾಯಿಲೆ ಬೆಳೆದಂತೆ ಅನೇಕರಲ್ಲಿ ಆಮೇಲೆ ಕಲಿತ ಭಾಷೆಗಳು ಜಾರಿ ತಾಯ್ನುಡಿ ಮಾತ್ರ ಉಳಿಯುತ್ತದೆ. ನಲವತ್ತು ವರ್ಷ ಮುಂಬೈಯಲ್ಲಿ ಹಿಂದಿ, ಮರಾಠಿಯಲ್ಲಿ ವ್ಯವಹರಿಸಿದವರು ಕೊನೆಗೆ ಹವ್ಯಕ ಕನ್ನಡದಲ್ಲೋ ತುಳುವಿನಲ್ಲೋ ನೀರು ಕೇಳಬಹುದು. ಅದು ಅರ್ಥವಾಗದ ಕಡೆ ಅವರು ಬಾಯಾರಿಯೇ ಇರುತ್ತಾರೆ. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ನೆಲೆಸಿ ಅಲ್ಲಿನ ಕೇಂದ್ರಕ್ಕೆ ತಂದೆತಾಯಿಯನ್ನು ಸೇರಿಸುವ ಕನ್ನಡಿಗರು ದಿನಬಳಕೆಯ ಇಪ್ಪತ್ತು ಮಾತುಗಳನ್ನು ಅಲ್ಲಿನ ಸಿಬ್ಬಂದಿಗೆ ಅವರ ಲಿಪಿಯಲ್ಲಿ ಬರೆದುಕೊಟ್ಟರೆ ದೊಡ್ಡ ಉಪಕಾರ.

ಮನೆಯಿಂದ ಹೊರಟು ಕಾಣೆಯಾಗುವ ಅಪಾಯಕ್ಕೆ ಮೊದಲೇ ಸಿದ್ಧರಾಗಿ. ಕೊರಳಿನ ಡಾಲರಿನಲ್ಲಿ ಅಥವಾ ಕೈಬಳೆಯಲ್ಲಿ ಫೋನ್ ನಂಬರ್ ಕೆತ್ತಿಸಿ; ಇತ್ತೀಚಿನ ಫೋಟೊ ಮೊಬೈಲಿನಲ್ಲಿರಲಿ; ಬೀದಿಯ ಅಂಗಡಿಯವರಿಗೆ, ಆಟೋ ನಿಲ್ದಾಣದವರಿಗೆ, ಬಸ್ ನಿಲ್ದಾಣದ ಹತ್ತಿರದವರಿಗೆ ಮುಚ್ಚಿಡದೆ ತಿಳಿಸಿ. ಕಾಣೆಯಾದರೆ ಕೂಡಲೇ 112ಕ್ಕೆ ಕರೆ ಮಾಡಿ, ಠಾಣೆಗೆ ಹೋಗಿ. 24 ಗಂಟೆ ಕಾಯಬೇಕೆಂಬ ನಿಯಮ ಯಾವುದೂ ಇಲ್ಲ.

ನೋಡಿಕೊಳ್ಳುವವರನ್ನು ನೋಡಿಕೊಳ್ಳುವವರು

ಬೆನ್ನುನೋವು, ರಕ್ತದೊತ್ತಡ, ನಿದ್ದೆಗೇಡು, ಕಾರಣವಿಲ್ಲದ ಅಳು, ಹಿರಿಯರ ಮೇಲೆ ಕೈಯೆತ್ತುವಷ್ಟು ಸಿಟ್ಟು ಬಂದು ಆಮೇಲೆ ಕೊರಗು. ಇವು ಕೆಟ್ಟ ಮಗಳ ಲಕ್ಷಣಗಳಲ್ಲ, ಬಿಡುವಿಲ್ಲದ ದುಡಿಮೆಯ ಲಕ್ಷಣಗಳು. ಹಿರಿಯರನ್ನು ತಪಾಸಣೆಗೆ ಕರೆದೊಯ್ದಾಗ ನಿಮ್ಮ ರಕ್ತದೊತ್ತಡವನ್ನೂ ನೋಡಿಸಿಕೊಳ್ಳಿ, ನಿಮ್ಮ ನಿದ್ದೆಯ ವಿಷಯವನ್ನೂ ವೈದ್ಯರಿಗೆ ಹೇಳಿ. ವಾರದಲ್ಲಿ ಅರ್ಧ ದಿನವಾದರೂ ಬಿಡುವು ಸಿಗುವಂತೆ ಮಾಡುವುದು ಚಿಕಿತ್ಸೆಯ ಭಾಗವೇ, ಮಾತ್ರೆಯಷ್ಟೇ ಅಗತ್ಯ. ಒಬ್ಬರು ಕುಸಿದರೆ ಇಬ್ಬರೂ ಹಾಸಿಗೆ ಹಿಡಿದಂತೆ.

ಕಾಯಿಲೆಯ ಕೊನೆಯ ಹಂತದಲ್ಲಿ, ನುಂಗಲಾಗದೆ, ನಡೆಯಲಾಗದೆ ಮಲಗಿದವರಿಗೆ ನೋವು ಕಡಿಮೆ ಮಾಡುವ ಉಪಶಾಮಕ ಆರೈಕೆ ಬೇಕು. ಅದು ಕ್ಯಾನ್ಸರ್ ರೋಗಿಗಳಿಗೆ ಮಾತ್ರವಲ್ಲ. ಮೂಗಿನ ನಳಿಕೆ, ಐಸಿಯು ಇವುಗಳಿಂದ ಆ ಹಂತದಲ್ಲಿ ಏನು ಉಪಯೋಗ ಎಂದು ವೈದ್ಯರನ್ನು ಕೇಳುವ ಹಕ್ಕು ಕುಟುಂಬಕ್ಕಿದೆ. ಕೇಳುವುದರಲ್ಲಿ ಪಾಪವಿಲ್ಲ.

ಇನ್ನು ನೆಂಟರಲ್ಲಿ, ದೂರದ ಊರಿನ ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ ಒಂದು ವಿನಂತಿ. 'ಅಮ್ಮ ನನ್ನ ಜೊತೆ ಚೆನ್ನಾಗೇ ಮಾತಾಡಿದರಲ್ಲ, ನೀವೇ ಸರಿಯಾಗಿ ನೋಡಿಕೊಳ್ಳುತ್ತಿಲ್ಲ' ಎಂದು ಫೋನಿನಲ್ಲಿ ಹೇಳಬೇಡಿ. ಹತ್ತು ನಿಮಿಷ ಚೆನ್ನಾಗಿ ಮಾತಾಡುವ ಶಕ್ತಿ ಡಿಮೆನ್ಷಿಯಾ ಇರುವವರಲ್ಲಿ ಬಹಳ ಕಾಲ ಉಳಿದಿರುತ್ತದೆ. ಸಲಹೆಯ ಬದಲು ತಿಂಗಳಿಗೆ ಇಷ್ಟೆಂದು ಹಣ ಕಳಿಸಿ, ಔಷಧಿ ತರಿಸುವ ಹೊಣೆ ಹೊತ್ತುಕೊಳ್ಳಿ, ಬ್ಯಾಂಕಿನ ಕೆಲಸ ಮುಗಿಸಿಕೊಡಿ. ಎಲ್ಲಕ್ಕಿಂತ ಮಿಗಿಲಾಗಿ, ರಜೆ ಹಾಕಿ ಬನ್ನಿ. ಈ ತಿಂಗಳೇ ಎರಡು ರಾತ್ರಿ ಅಮ್ಮನ ಕೋಣೆಯಲ್ಲಿ ನೀವು ಮಲಗಿ, ಅವರನ್ನು ನೋಡಿಕೊಳ್ಳುತ್ತಿರುವವರನ್ನು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಲು ಬಿಡಿ.